ಏಳು ಕಿಟಕಿಯ ಮನೆ

ನಮ್ಮ ಕೊಂಕಣಿ ಕ್ರಿಸ್ತುವರಲ್ಲಿ ಹುಡುಗ ಹುಡುಗಿಯನ್ನು ನೋಡುವುದು ಸಾಮಾನ್ಯವಾಗಿ ಇಗರ್ಜಿಯ ಹೊರಗೆ. ಭಾನುವಾರದ ಪೂಜೆ ಮುಗಿಯುತ್ತದೆ, ಎರಡು ಕುಟುಂಬಗಳು ಅಕಸ್ಮಾತ್ತಾಗಿ ಎಂಬಂತೆ ಒಂದೇ ಮರದ ನೆರಳಿಗೆ ಬಂದು ನಿಲ್ಲುತ್ತವೆ, ಸೆಕೆಯ ಬಗ್ಗೆ ಮಾತಾಡುತ್ತವೆ. ಅಷ್ಟರಲ್ಲಿ ಊರಿಗೆಲ್ಲ ವಿಷಯ ಗೊತ್ತಾಗಿರುತ್ತದೆ. ಮಾತು ಕುದುರಿದರೆ ಊರು ಊಟಕ್ಕೆ ಕಾಯುತ್ತದೆ, ಮುರಿದರೆ ಕಾರಣಕ್ಕೆ ಕಾಯುತ್ತದೆ.

ಕಾಪುವಿನ ಹತ್ತಿರ ಶಂಕರಪುರದ ಜೋಕಿಮ್ ಬರ್ಬೋಜರು ಮಗಳಿಗಾಗಿ ಈ ಮರದ ನೆರಳಿನಲ್ಲಿ ಎರಡು ಸಲ ನಿಂತು ಸೋತಿದ್ದರು. ಶಂಕರಪುರವೆಂದರೆ ಮನೆಮನೆಗೂ ಮಲ್ಲಿಗೆ ತೋಟ. ಬೆಳಿಗ್ಗೆ ಹೆಂಗಸರು ಹೂ ಕಟ್ಟಲು ಕೂತರೆ ಕೈಯಲ್ಲಿ ಬಾಳೆನಾರು, ಬಾಯಲ್ಲಿ ಇನ್ನೊಬ್ಬರ ಮನೆ. ಜೋಕಿಮರ ಮಗಳ ಸಂಬಂಧ ಯಾಕೆ ಮುರಿಯಿತು ಎಂಬುದನ್ನು ಅವರು ಒಂದು ಮಳೆಗಾಲ ಪೂರ್ತಿ ಕಟ್ಟಿದರು. ಹಾಗಾಗಿ ಮೂರನೆಯ ಸಲ ಜೋಕಿಮರು ಒಂದು ಷರತ್ತು ಹಾಕಿದರು. ಹುಡುಗ ಹುಡುಗಿಯನ್ನು ನೋಡಲಿ, ಆದರೆ ನಮ್ಮವರು ಯಾರೂ ಕಾಲಿಡದ ಒಂದು ಜಾಗದಲ್ಲಿ ನೋಡಲಿ.

ಆ ಮೂರನೆಯ ಹುಡುಗ ನಾನು. ಹೆಸರು ಕಜೆಟನ್ ಕಾರ್ಡೋಜ. ಇದು ಎಪ್ಪತ್ತೆಂಟರ ಮಾತು. ಬಿ.ಎ.ಯಲ್ಲಿ ಇತಿಹಾಸ ಓದಿ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ಮಕ್ಕಳಿಗೆ ಇತಿಹಾಸ ಎಷ್ಟು ಬಂತೋ ಗೊತ್ತಿಲ್ಲ. ಹೆಡ್‌ಮಾಸ್ತರರು ಮೂಗು ಸೀನುವುದು ಹೇಗೆ, ಕಾರ್ಕಳ ಬಸ್‌ಸ್ಟ್ಯಾಂಡಿನ ಏಜೆಂಟ್ 'ಉಡ್ಪಿ ಉಡ್ಪಿ ಉಡ್ಪಿ' ಎಂದು ಉಸಿರು ಬಿಡದೆ ಕೂಗುವುದು ಹೇಗೆ ಎಂಬುದಂತೂ ಚೆನ್ನಾಗಿ ಬಂತು. ಧ್ವನಿ ಕೇಳಿದರೆ ನನ್ನ ಗಂಟಲು ಸುಮ್ಮನಿರುವುದಿಲ್ಲ. ಉಡುಪಿಯಲ್ಲಿ ಒಬ್ಬ ಸಹೋದ್ಯೋಗಿಯ ಮದುವೆಗೆ ಹೋದವನು ಅಲ್ಲಿ ಭಾಷಣ ಮಾಡಿದ ಹಿರಿಯರ ಅಣಕು ಮಾಡಿದೆ. ನಮ್ಮ ಮೇಜಿನವರೆಲ್ಲ ನಕ್ಕರು. ಪಕ್ಕದ ಮೇಜಿನಲ್ಲಿ ಒಬ್ಬಳು ಹುಡುಗಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನಕ್ಕಳು. ಅವಳೇ ರೋಸಲಿನ್, ಕಾಪುವಿನ ಶಾಲೆಯಲ್ಲಿ ಟೀಚರ್, ಜೋಕಿಮರ ಮಗಳು. ಅಂದರೆ ರಾಯ್ಬಾರಿ ನನಗೆ ಹುಡುಗಿ ಹುಡುಕಿದ್ದಲ್ಲ, ನಾನೇ ಹುಡುಕಿ ರಾಯ್ಬಾರಿಯ ಕೈಗೆ ಕೊಟ್ಟದ್ದು.

ಮದುವೆಯ ಮಾತುಕತೆ ನಡೆಸುವ ಮಧ್ಯಸ್ಥನಿಗೆ ನಮ್ಮಲ್ಲಿ ರಾಯ್ಬಾರಿ ಎನ್ನುತ್ತಾರೆ. ನಮ್ಮ ಬ್ಯಾಪ್ಟಿಸ್ಟ್ ಬರೀ ರಾಯ್ಬಾರಿಯಲ್ಲ, ಭಾರೀ ರಾಯ್ಬಾರಿ. ಮೂಗಿನಲ್ಲಿ ಹುಟ್ಟಿ ಗಂಟಲಿಗಿಳಿಯುವ ಧ್ವನಿ, ಕಂಕುಳಲ್ಲಿ ಬೇಸಗೆಯಲ್ಲೂ ಕೊಡೆ. ಎರಡೂ ಕಡೆಯವರಿಗೆ ಎರಡೂ ಕಡೆಯವರ ಬಗ್ಗೆ ಅವರಿಗೇ ಗೊತ್ತಿಲ್ಲದ ದೊಡ್ಡಸ್ತಿಕೆ ಹೇಳುವುದು ಅವನ ಕಸುಬು. ಜೋಕಿಮರ ಹತ್ತಿರ ನನ್ನನ್ನು ಬಹಳ ಗಂಭೀರ ಮನುಷ್ಯ, ಮಾತು ತೀರಾ ಕಡಿಮೆ ಎಂದು ಹೇಳಿಬಿಟ್ಟಿದ್ದ. ಅದಕ್ಕೆ ಕಾರಣವೂ ಇತ್ತು. ಮೊದಲು ಬಂದ ಹುಡುಗ ಮಾತಿನ ಮಲ್ಲ. ಇವರ ಮಗಳಿಗೆ ಆಡಿದ ಮಾತನ್ನೇ ಶಿರ್ವದ ಇನ್ನೊಬ್ಬಳಿಗೂ ಆಡಿದ್ದು ಆಮೇಲೆ ಗೊತ್ತಾಯಿತು. ಅಂದಿನಿಂದ ಮಾತುಗಾರ ಗಂಡಸರನ್ನು ಕಂಡರೆ ಜೋಕಿಮರಿಗೆ ಆಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿ, ತೆರೆದರೆ ಬ್ರಹ್ಮಚರ್ಯ ಎಂದು ಬ್ಯಾಪ್ಟಿಸ್ಟ್ ನನಗೆ ತಿಳಿಸಿ ಹೇಳಿದ್ದ.

ನಮ್ಮವರು ಕಾಲಿಡದ ಜಾಗವನ್ನೂ ಅವನೇ ಹುಡುಕಿದ. ಮಣಿಪಾಲದ ಗುಡ್ಡೆಯ ಮೇಲೆ, ಹೊರದೇಶದಲ್ಲಿದ್ದು ಬಂದ ಒಬ್ಬರು ವೈದ್ಯರು ತಾವು ಕೂಡಿಸಿದ ಚಿತ್ರಗಳನ್ನೆಲ್ಲ ಒಂದು ಹಳೆಯ ಬಂಗಲೆಯಲ್ಲಿ ತೂಗುಹಾಕಿ ಚಿತ್ರಶಾಲೆ ಎಂದು ಬೋರ್ಡು ಬರೆಸಿದ್ದರು. ಬ್ಯಾಪ್ಟಿಸ್ಟ್ ಎದುರಿನ ಹೋಟೆಲಿನಲ್ಲಿ ಒಂದು ಇಡೀ ದಿನ ಕೂತು ನೋಡಿದನಂತೆ. ಒಳಗೆ ಹೋದದ್ದು ಒಂದು ನಾಯಿ ಮಾತ್ರ. ಅದೂ ಕ್ರಿಸ್ತುವರ ಮನೆಯದಲ್ಲ.

ನನ್ನ ಕಡೆಯಿಂದ ಹೊರಟದ್ದು ನಾನು ಮತ್ತು ನನ್ನ ಅಜ್ಜಿ ಅಪೊಲೋನಿಯಾ. ಅಪ್ಪ ಬೊಂಬಾಯಿಯಲ್ಲಿ. ಅಮ್ಮ ಬರಲಿಲ್ಲ, ತಾಯಿ ಬಂದರೆ ಹೆಣ್ಣು ನೋಡಲು ಬಂದಂತೆ, ಅಜ್ಜಿ ಬಂದರೆ ಊರು ನೋಡಲು ಬಂದಂತೆ ಎಂದು ಬ್ಯಾಪ್ಟಿಸ್ಟನ ಲೆಕ್ಕ. ಅಜ್ಜಿ ಬಿಳಿ ಸೀರೆಯುಟ್ಟು, ಕುತ್ತಿಗೆಗೆ ಶಿಲುಬೆಯ ಸರ ಹಾಕಿಕೊಂಡು, ಹಿರಿಯಡ್ಕದ ತಿರುವುಗಳಲ್ಲೆಲ್ಲ ಜಪಮಾಲೆ ಹಿಡಿದುಕೊಂಡು ಬಂದಳು. ನಮ್ಮ ಮನೆಯಲ್ಲಿ ಕೊನೆಯ ಮಾತು ಅವಳದ್ದು. ಅವಳಿಗೆ ಹುಡುಗಿ ಹಿಡಿಸದಿದ್ದರೆ ನನಗೆ ಹಿಡಿಸಿ ಪ್ರಯೋಜನವಿರಲಿಲ್ಲ.

ಜೋಕಿಮರು ಮಗಳನ್ನೂ ಬ್ಯಾಪ್ಟಿಸ್ಟನನ್ನೂ ಕರೆದುಕೊಂಡು ಮೊದಲೇ ಬಂದು ಬಾಗಿಲ ಬಳಿ ನಿಂತಿದ್ದರು. ತೆಳ್ಳಗಿನ ಮನುಷ್ಯ, ತಲೆಗೆ ಧಾರಾಳವಾಗಿ ಎಣ್ಣೆ. ಒಳಗಿದ್ದ ತೈಲಚಿತ್ರಗಳ ಸಾಲಿನಲ್ಲಿ ಅವರನ್ನೂ ನಿಲ್ಲಿಸಬಹುದಿತ್ತು. ಇದನ್ನು ನಾನು ಹೇಳಲಿಲ್ಲ, ನುಂಗಿದೆ. ರೋಸಲಿನ್ ನನ್ನನ್ನು ನೋಡಿ ಗುರುತಿಲ್ಲದವಳಂತೆ ತಲೆ ತಗ್ಗಿಸಿದಳು. ಅಕಸ್ಮಾತ್ತಾಗಿ ಸಿಕ್ಕವರಂತೆ ನಾವು ಒಬ್ಬರಿಗೊಬ್ಬರು ನಮಸ್ಕಾರ ಹೇಳಿದೆವು. ಕಾವಲುಗಾರ ಕಿಟ್ಟ ಎಂಬವನು ಒಮ್ಮೆಲೇ ಐದು ಮಂದಿಯನ್ನು ಕಂಡು ಗಾಬರಿಯಾಗಿ, ಪಾಯಿಖಾನೆ ಹಿಂದಿನ ಕಡೆ ಉಂಟು ಎಂದ. ಚಿತ್ರ ನೋಡಲು ಬಂದದ್ದು ಎಂದು ತಿಳಿದ ಮೇಲೆ ಅವನಿಗೆ ನಮ್ಮ ಮೇಲೆ ಗೌರವ ಬಂತು. ಎಲ್ಲ ದೀಪಗಳನ್ನೂ ಹಾಕಿದ.

ಮೊದಲ ಕೋಣೆಯನ್ನು ದಾಟಿದ್ದು ಯಾರಿಗೂ ನೆನಪಿಲ್ಲ. ಅಲ್ಲಿದ್ದದ್ದು ಹಣ್ಣು, ಹೂಜಿ, ಸತ್ತ ಬಾತುಕೋಳಿ. ಅಜ್ಜಿ ರೋಸಲಿನಳ ನಡಿಗೆ ನೋಡುತ್ತಿದ್ದಳು, ಜೋಕಿಮರು ನನ್ನ ಬಾಯಿಯನ್ನು ನೋಡುತ್ತಿದ್ದರು, ಅದು ಮುಚ್ಚಿಕೊಂಡಿತ್ತು.

ಎರಡನೆಯ ಕೋಣೆಯಲ್ಲಿ ಗೋಡೆಯಷ್ಟು ಉದ್ದದ ಒಂದೇ ಚಿತ್ರವಿತ್ತು. ಕೆಳಗೆ ಕನ್ನಡದಲ್ಲಿ ಬರೆದ ಪಟ್ಟಿ: ಗೋವಾ ನಗರ, ಹಿಂದಿನ ಕಾಲದಲ್ಲಿ, ನದಿಯ ಕಡೆಯಿಂದ ಕಂಡಂತೆ. ಬರೆದವರು ತಿಳಿದಿಲ್ಲ. ಮುಂದೆ ನದಿ, ಹಾಯಿ ಇಳಿಸಿದ ಹಡಗುಗಳು, ದಕ್ಕೆಯಿಂದ ಮೇಲಕ್ಕೆ ಹತ್ತುವ ದೊಡ್ಡ ಬೀದಿ, ಬೀದಿಯಲ್ಲಿ ಪಲ್ಲಕ್ಕಿ, ಕೊಡೆ ಹಿಡಿದ ಆಳುಗಳು, ಮೀನಿನ ಬುಟ್ಟಿ ಹೊತ್ತ ಹೆಂಗಸರು. ಎಲ್ಲಿ ನೋಡಿದರೂ ಇಗರ್ಜಿ. ನಡುವೆ ಗಂಟೆಗೋಪುರದ ಎಡಗಡೆಗೆ ಹಂಚಿನ ಮಾಡಿನ ಒಂದು ದೊಡ್ಡ ಮನೆ. ಮಹಡಿಯಲ್ಲಿ ಏಳು ಕಿಟಕಿ, ಅಂಗಳದಲ್ಲಿ ಮೆಟ್ಟಿಲು ಕಟ್ಟಿದ ಬಾವಿ.

ಒಂದು ವಿಷಯ ಇಲ್ಲಿ ಹೇಳಬೇಕು. ನಮ್ಮ ಹಿರಿಯರು ಗೋವೆಯಿಂದ ಬಂದವರು. ನಾನು ಕಾಲೇಜಿನಲ್ಲಿ ಓದಿದ ಪ್ರಕಾರ ಹೆಚ್ಚಿನವರು ಅಲ್ಲಿನ ಹಳ್ಳಿಗಳಿಂದ, ತೆರಿಗೆ ತಾಳಲಾರದೆಯೋ ಹೊಟ್ಟೆಗಿಲ್ಲದೆಯೋ ಈ ಕಡೆ ಗದ್ದೆ ಮಾಡಲು ಬಂದವರು. ಆದರೆ ಯಾರ ಮನೆಯಲ್ಲಿ ಕೇಳಿದರೂ ಅವರ ಅಜ್ಜಂದಿರು ನಗರದ ದೊಡ್ಡ ಮನೆಯವರು. ಎಲ್ಲರೂ ದೊಡ್ಡ ಮನೆಯವರಾದರೆ ಆ ದೊಡ್ಡ ಮನೆಗಳಲ್ಲಿ ಅಡಿಗೆ ಮಾಡಿದ್ದು ಯಾರು ಎಂದು ನಾನು ಒಮ್ಮೆ ಕೇಳಿ ಅಜ್ಜಿಯಿಂದ ಬೈಸಿಕೊಂಡಿದ್ದೆ. ಅಜ್ಜಿ ಮದುವೆಯಾಗಿ ಬಂದಾಗ ಅವಳ ಅತ್ತೆ ಚಿನ್ನ ಕೊಟ್ಟದ್ದು ಕಡಿಮೆ, ಮನೆಯ ಕತೆ ಕೊಟ್ಟದ್ದು ಹೆಚ್ಚು. ಗಂಟೆಗೋಪುರದ ಪಕ್ಕದ ಮನೆ, ಏಳು ಕಿಟಕಿ, ಮೆಟ್ಟಿಲಿನ ಬಾವಿ. ಅದನ್ನು ಅಜ್ಜಿ ನನ್ನ ಅಮ್ಮನಿಗೆ ಕೊಟ್ಟಿದ್ದಳು. ಇನ್ನು ಬರುವ ಸೊಸೆಗೂ ಕೊಡಲಿಕ್ಕಿತ್ತು.

ಅಜ್ಜಿ ಹುಡುಗಿಯನ್ನು ಮರೆತಳು. ಚಿತ್ರದ ಹತ್ತಿರ ಹೋಗಿ, ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿ, ಕಿಟಕಿಗಳನ್ನು ಒಂದೊಂದಾಗಿ ನೋಡಿದಳು.

"ನಮ್ಮ ಮನೆ" ಎಂದಳು.

ಧ್ವನಿಯಲ್ಲಿ ಜಂಬ ಇರಲಿಲ್ಲ. ಕಾಣೆಯಾದ ಪಾತ್ರೆ ಪಕ್ಕದ ಮನೆಯಲ್ಲಿ ಸಿಕ್ಕಿದಾಗ ಹೇಳುವಂತೆ ಹೇಳಿದಳು. ಬ್ಯಾಪ್ಟಿಸ್ಟ್ ಇದನ್ನು ಗಂಡಿನ ಕಡೆಯ ಬಂಡವಾಳಕ್ಕೆ ಸೇರಿಸಲು ಹೊರಟು, ನಾನು ಹೇಳಲಿಲ್ಲವಾ ಬಾಬ್, ಸಾಧಾರಣ ಮನೆತನ ಅಲ್ಲ ಎಂದು ಜೋಕಿಮರ ಕಡೆ ತಿರುಗಿದ. ಜೋಕಿಮರ ಮುಖ ಕೆಂಪಾಗಿತ್ತು.

"ಕ್ಷಮಿಸಬೇಕು ಅಪೊಲೋನಿಯಾ ಬಾಯ್. ಅದು ನಮ್ಮ ಮನೆ."

ಅಜ್ಜಿ ತಪ್ಪು ಕೇಳಿರಬೇಕು ಎಂಬಂತೆ ನನ್ನನ್ನು ನೋಡಿದಳು. ಜೋಕಿಮರು ವಿವರಿಸಿದರು. ಅವರ ಅಜ್ಜ ಸಾಯುವ ಮೊದಲು ಹೇಳಿದ್ದು ಸ್ಪಷ್ಟವಾಗಿತ್ತು. ಗೋಪುರದ ಎಡಬದಿ, ಮಹಡಿ ಮನೆ, ನದಿಗೆ ಮುಖ, ಮನೆಯಿಂದ ಇಗರ್ಜಿಗೆ ಕೊಡೆ ಬಿಡಿಸದೆ ಹೋಗಬಹುದಾದಷ್ಟು ದೂರ. ಅಜ್ಜಿ ಬಾವಿಯನ್ನು ಮುಂದಿಟ್ಟಳು. ಅವರು ಕೊಡೆಯ ದೂರವನ್ನು ಮುಂದಿಟ್ಟರು. ಅಜ್ಜಿ ಕಿಟಕಿಯ ಲೆಕ್ಕ ಕೇಳಿದಳು, ಅವರಿಗೆ ಲೆಕ್ಕ ಗೊತ್ತಿರಲಿಲ್ಲ, ಆದರೆ ಕಿಟಕಿಗಳಿಗೆ ಗಾಜಿನ ಬದಲು ತೆಳ್ಳಗಿನ ಕಡಲಚಿಪ್ಪು ಕೂರಿಸಿತ್ತು ಎಂದು ಗೊತ್ತಿತ್ತು, ಅದು ಚಿತ್ರದಲ್ಲಿಯೂ ಇತ್ತು. ಇಬ್ಬರೂ ಧ್ವನಿ ಏರಿಸಲಿಲ್ಲ. ಆದರೆ 'ಬಾಯ್' ಮತ್ತು 'ಬಾಬ್' ಎಂಬ ಗೌರವದ ಮಾತುಗಳು ಹೆಚ್ಚಾಗತೊಡಗಿದವು. ನಮ್ಮಲ್ಲಿ ಜಗಳದ ಮೊದಲ ಲಕ್ಷಣ ಅದು. ಅಜ್ಜಿಯ ಬೆರಳು ಬಾವಿಗೆ ತಗಲುವಷ್ಟು ಹತ್ತಿರ ಹೋದಾಗ ಕಿಟ್ಟ ದೂರದಿಂದಲೇ, ಮುಟ್ಟಬಾರದು ಬಾಯಮ್ಮ ಎಂದ. ನಮ್ಮ ಬಾವಿ ನಾನು ಮುಟ್ಟಬಾರದಾ ಎಂದು ಅಜ್ಜಿ ಕೇಳಿದಳು.

ಆಗ ಬ್ಯಾಪ್ಟಿಸ್ಟ್ ತನ್ನ ಮೂವತ್ತು ವರ್ಷದ ಅನುಭವವನ್ನೆಲ್ಲ ಉಪಯೋಗಿಸಿ ಒಂದು ಒಪ್ಪಂದ ತಂದ. ಏಳು ಕಿಟಕಿಯ ಮನೆ, ಇಷ್ಟು ದೊಡ್ಡದು, ಒಂದೇ ಸಂಸಾರ ಇತ್ತು ಅಂತ ಯಾಕೆ? ಅಣ್ಣ ತಮ್ಮ ಇದ್ದಿರಬಹುದು. ಅಣ್ಣನ ಕಡೆಯವರು ಕಾರ್ಕಳಕ್ಕೆ ಹೋದರು, ತಮ್ಮನ ಕಡೆಯವರು ಶಂಕರಪುರಕ್ಕೆ ಹೋದರು. ಇಬ್ಬರ ಮಾತೂ ನಿಜ.

ಇದು ಎಲ್ಲರಿಗೂ ಹಿಡಿಸಿತು. ಜೋಕಿಮರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಅಜ್ಜಿಯ ಕಣ್ಣು ತುಂಬಿತು. ಅವಳು ರೋಸಲಿನಳ ಕೈ ಹಿಡಿದು ಹತ್ತಿರ ಎಳೆದುಕೊಂಡು, ನಮ್ಮ ಮನೆಯ ಮಗಳು ಎಂದು ತಲೆ ಸವರಿದಳು. ನಾನು ಕೂಡ ಸಂತೋಷದಿಂದ ಮುಗುಳ್ನಗುತ್ತಿದ್ದೆ, ಇತಿಹಾಸದ ಮಾಸ್ತರನ ಬುದ್ಧಿ ಅಷ್ಟರಮಟ್ಟಿನದು. ಮೊದಲು ತಿಳಿದದ್ದು ರೋಸಲಿನಳಿಗೆ. ಅವಳು ಅಜ್ಜಿಯ ಕೈಯಿಂದ ತನ್ನ ಕೈಯನ್ನು ನಿಧಾನ ಬಿಡಿಸಿಕೊಂಡು ನನ್ನ ಕಡೆ ನೋಡಿದಳು. ಆಮೇಲೆ ಅಜ್ಜಿಗೆ ತಿಳಿಯಿತು. ಕೊನೆಗೆ ಬ್ಯಾಪ್ಟಿಸ್ಟನಿಗೂ.

ಅಣ್ಣ ತಮ್ಮಂದಿರ ಮಕ್ಕಳು ಅಣ್ಣ ತಂಗಿಯಾಗುತ್ತಾರೆ. ಸಂಬಂಧ ಮಾಡಲು ಬಂದವರು ಸಂಬಂಧಿಕರಾಗಿಬಿಟ್ಟಿದ್ದೆವು.

ಅಡ್ಡಹೆಸರು ಬೇರೆಯಲ್ಲವೇ ಎಂದು ಕೇಳುವ ಹಾಗಿರಲಿಲ್ಲ. ಜ್ಞಾನಸ್ನಾನ ಕೊಟ್ಟ ಪಾದ್ರಿಗಳು ತೋಚಿದ ಹೆಸರು ಇಟ್ಟ ಕಾಲ ಅದು, ಅಣ್ಣ ಕಾರ್ಡೋಜನಾಗಿ ತಮ್ಮ ಬರ್ಬೋಜನಾದದ್ದು ಉಂಟು. ಮೂರು ತಲೆಮಾರು ದಾಟಿದರೆ ಇಗರ್ಜಿಯವರು ಕೇಳುವುದಿಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಇಗರ್ಜಿ ಕೇಳದಿರಬಹುದು, ಮನಸ್ಸು ಕೇಳುತ್ತದೆ ಎಂದು ಅಜ್ಜಿ ಹೇಳಿದಳು. ಜೋಕಿಮರು, ಒಂದೇ ಒಲೆಯ ಅನ್ನ ಉಂಡವರಿಗೆ ಮಗಳನ್ನು ಕೊಡುವುದು ಹೇಗೆ ಎಂದರು. ಹೂ ಕಟ್ಟುವವರಿಗೆ ಈ ಸಲ ಎಂತ ಹೇಳುವುದು ಎಂಬುದೂ ಅವರ ಮುಖದಲ್ಲಿ ಕಾಣುತ್ತಿತ್ತು. ಹಾಗಾದರೆ ಒಬ್ಬರು ಮನೆ ಬಿಡಿ ಎಂದು ಬ್ಯಾಪ್ಟಿಸ್ಟ್ ಅಂಗಲಾಚಿದ. ಯಾರು ಬಿಡುತ್ತಾರೆ? ಬಿಟ್ಟವರು ಇಷ್ಟು ವರ್ಷ ಸುಳ್ಳು ಹೇಳಿಕೊಂಡು ಬಂದವರೆಂದಾಗುತ್ತದೆ, ಅದೂ ಬೀಗರ ಮುಂದೆ. ಇಬ್ಬರೂ ಚಿತ್ರದ ಎರಡು ತುದಿಗೆ ಹೋಗಿ ನಿಂತರು. ರೋಸಲಿನ್ ಗೋಡೆಬದಿಯ ಬೆಂಚಿನಲ್ಲಿ ಕೂತು ಸೀರೆಯ ಸೆರಗಿನ ಅಂಚನ್ನು ಸರಿ ಮಾಡಿಕೊಳ್ಳತೊಡಗಿದಳು. ಅಂಚು ಸರಿಯಾಗಿಯೇ ಇತ್ತು.

ಅದನ್ನು ನೋಡಿ ನನ್ನ ಬಾಯಿ ತೆರೆದುಕೊಂಡಿತು. ಯೋಚಿಸಿ ಮಾಡಿದ್ದಲ್ಲ. ಆ ಏಳು ಕಿಟಕಿಗಳಲ್ಲಿ ಒಂದರಿಂದ ಮನೆಯ ಯಜಮಾನ ತಲೆ ಹೊರಗೆ ಹಾಕಿದರೆ ಹೇಗೆ ಮಾತಾಡಿಯಾನು ಎಂದು ತೋಚಿತು, ಅಷ್ಟೆ. ಹೊಟ್ಟೆಯಿಂದ ಬರುವ ಧ್ವನಿ, ನಡುವೆ ನಶ್ಯ ಏರಿಸುವ ಸದ್ದು.

"ಯಾರದು ನಮ್ಮ ಬಾಗಿಲಲ್ಲಿ? ಮನೆ ಬಾಡಿಗೆಗೆ ಇಲ್ಲ, ಹೋಗಿ. ಹೋಗುವಾಗ ಆ ಕೊಡೆಯವನನ್ನೂ ಕರೆದುಕೊಂಡು ಹೋಗಿ."

ಕೋಣೆ ಖಾಲಿಯಾಗಿದ್ದರಿಂದ ಧ್ವನಿ ಗೋಡೆಗಳಿಗೆ ಬಡಿದು ನಿಜಕ್ಕೂ ಚಿತ್ರದಿಂದ ಬಂದಂತೆ ಕೇಳಿಸಿತು. ಬ್ಯಾಪ್ಟಿಸ್ಟ್ ಕೊಡೆಯನ್ನು ಬೆನ್ನ ಹಿಂದೆ ಮಾಡಿದ. ರೋಸಲಿನ್ ನಕ್ಕಳು. ತಡೆಯಲು ನೋಡಿ, ಆಗದೆ, ಬೆಂಚಿನ ಅಂಚನ್ನು ಹಿಡಿದುಕೊಂಡು ನಕ್ಕಳು. ಅಜ್ಜಿ ತಿರುಗಿ ಅವಳನ್ನು ನೋಡಿದಳು, ಬಂದಾಗಿನಿಂದ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಜೋಕಿಮರು ನಗಲಿಲ್ಲ.

"ಬ್ಯಾಪ್ಟಿಸ್ಟ್, ಇವರು ಗಂಭೀರ ಅಂತ ಅಲ್ವಾ ನೀನು ಹೇಳಿದ್ದು?"

"ಗಂಭೀರವೇ ಬಾಬ್. ಇವತ್ತು ಸೆಕೆ ಸ್ವಲ್ಪ ಜಾಸ್ತಿ ಉಂಟು."

"ಸೆಕೆ ಅಲ್ಲ, ರಕ್ತ" ಎಂದಳು ಅಜ್ಜಿ. "ಇವನ ಅಜ್ಜ ಹೀಗೆಯೇ. ಬಿಷಪ್ಪರ ಕೆಮ್ಮು ಕೆಮ್ಮುತ್ತಿದ್ದರು, ಇಗರ್ಜಿಯಲ್ಲಿ ಜನ ಎದ್ದು ನಿಲ್ಲುತ್ತಿದ್ದರು. ಅವರ ಅಪ್ಪನೂ ಹಾಗೆಯೇ ಅಂತೆ. ತಲೆಮಾರಿಗೆ ಒಬ್ಬ ನಮ್ಮಲ್ಲಿ ಹೀಗೆ ಹುಟ್ಟುತ್ತಾನೆ, ಎಂತ ಹರಕೆ ಹೇಳಿದರೂ ತಪ್ಪುವುದಿಲ್ಲ. ನಿಮ್ಮಲ್ಲಿ ಉಂಟಾ ಜೋಕಿಮ್ ಬಾಬ್, ಇಂಥವನು ಒಬ್ಬ?"

"ದೇವರ ದಯೆ, ಇಲ್ಲ."

"ಹಿಂದೆ ಇದ್ದನಾ?"

"ಹಿಂದೆಯೂ ಇಲ್ಲ ಬಾಯ್. ನಮ್ಮವರು ಮರ್ಯಾದೆಯ ಜನ."

"ನೋಡಿ ಮತ್ತೆ. ರಕ್ತ ಒಂದೇ ಆಗಿದ್ದರೆ ಇಷ್ಟು ಕಾಲದಲ್ಲಿ ನಿಮ್ಮಲ್ಲಿಯೂ ಒಬ್ಬನಾದರೂ ಹುಟ್ಟಬೇಕಿತ್ತು."

ಜೋಕಿಮರು ಅಜ್ಜಿಯ ಮಾತನ್ನು ಅಲ್ಲವೆನ್ನಬೇಕಾದರೆ ತಮ್ಮ ಮನೆತನದಲ್ಲಿ ಎಲ್ಲೋ ಒಬ್ಬ ನನ್ನಂಥವನನ್ನು ಒಪ್ಪಿಕೊಳ್ಳಬೇಕು. ಅದಕ್ಕಿಂತ ಬೇರೆ ರಕ್ತವೆಂದು ಒಪ್ಪುವುದೇ ವಾಸಿ ಎಂದು ಅವರಿಗೂ ಕಂಡಿರಬೇಕು. ಆದರೂ ಚಿತ್ರದ ಕಡೆ ತಿರುಗಿ ಕೇಳಿದರು.

"ಹಾಗಾದರೆ ಮನೆ ಯಾರದ್ದು?"

ಅಜ್ಜಿ ಮನೆಯನ್ನು ಪುನಃ ನೋಡಿದಳು, ಮಾಡು, ಕಿಟಕಿ, ಬಾವಿಯ ಮೆಟ್ಟಿಲು. ಅವಳ ತುಟಿ ಅಲುಗುತ್ತಿತ್ತು, ಜಪವೋ ಲೆಕ್ಕವೋ ತಿಳಿಯಲಿಲ್ಲ. ಒಂದು ಧ್ವನಿ ತೆಗೆದು ಈ ಮೌನವನ್ನು ಮುರಿಯಬಹುದಿತ್ತು. ಆ ಹೊತ್ತಿಗೆ ನನ್ನಲ್ಲಿ ಒಂದು ಧ್ವನಿಯೂ ಇರಲಿಲ್ಲ.

"ಮನೆ ನೀವು ಇಟ್ಟುಕೊಳ್ಳಿ" ಎಂದಳು. "ಹುಡುಗಿಯನ್ನು ನಮಗೆ ಕೊಡಿ."

ಜೋಕಿಮರು ಮಗಳ ಕಡೆ ನೋಡಿದರು. ರೋಸಲಿನ್ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನಗೆಯ ನೀರು ಇನ್ನೂ ಆರಿರಲಿಲ್ಲ. ಎರಡು ಸಲ ಮರದ ಕೆಳಗೆ ನಿಂತಾಗ ಅವಳು ನಕ್ಕಿರಲಿಲ್ಲವೆಂದು ಅವರಿಗೆ ನೆನಪಾಯಿತಂತೆ, ಇದನ್ನು ಅವರೇ ಬಹಳ ವರ್ಷದ ಮೇಲೆ ನನಗೆ ಹೇಳಿದ್ದು. ಅವರು ಗಂಟಲು ಸರಿಮಾಡಿಕೊಂಡು ಅಜ್ಜಿಯ ಹತ್ತಿರ ಬಂದರು.

"ಬಾವಿ ಬೇಕಾದರೆ ಇಬ್ಬರದ್ದೂ ಇರಲಿ ಬಾಯ್. ನೀರಿಗೆ ಬಂದವರೆಲ್ಲ ನೆಂಟರು ಅಂತ ಇಲ್ಲವಲ್ಲ."

ಅದು ಒಪ್ಪಿಗೆ ಎಂದು ಬ್ಯಾಪ್ಟಿಸ್ಟ್ ನನ್ನ ಕಾಲು ತುಳಿದು ತಿಳಿಸಿದ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಹೊರಗೆ ಹೋಗಿ ಕಿಟ್ಟನಿಗೆ ಒಂದು ಬೀಡಿ ಕೊಟ್ಟು ಬಂದ.

ಆಮೇಲೆ ಎಲ್ಲರೂ ಎದುರಿನ ಹೋಟೆಲಿಗೆ ಹೋದೆವು. ಹಿರಿಯರು ಒಂದು ಮೇಜಿನಲ್ಲಿ ಕೂತು ಮದುವೆಯ ತಿಂಗಳ ಬಗ್ಗೆ ಮಾತಾಡಿದರು. ನಮ್ಮಿಬ್ಬರಿಗೆ ಪಕ್ಕದ ಮೇಜು ಬಿಟ್ಟುಕೊಟ್ಟರು, ಮಸಾಲೆದೋಸೆ ತಿನ್ನುವವರು ಏನೂ ತಪ್ಪು ಮಾಡಲಾರರು ಎಂಬ ನಂಬಿಕೆಯಿಂದ. ನಾನು ಗಂಭೀರವಾಗಿ ಚಟ್ನಿ ಬೆರೆಸುತ್ತಿದ್ದೆ.

"ಪಪ್ಪನ ಧ್ವನಿ ಬರುತ್ತದಾ ನಿಮಗೆ?" ಎಂದು ಅವಳು ತಗ್ಗಿದ ಸ್ವರದಲ್ಲಿ ಕೇಳಿದಳು.

ಬರುತ್ತದೆ, ಆದರೆ ಈಗ ಬೇಡ ಎಂದೆ. ಯಾವಾಗ ಎಂದು ಕೇಳಿದಳು. ಇಗರ್ಜಿಯ ಮದುವೆ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಎಂದೆ. ಅವಳು ದೋಸೆಯನ್ನು ನೋಡಿಕೊಂಡು ನಕ್ಕಳು.

ಸಂಜೆ ಕಾರ್ಕಳದ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿಯ ಬದಿ ಸಿಕ್ಕಿತು. ಪರ್ಕಳ ದಾಟಿದರೂ ಅವಳು ಜಪಮಾಲೆ ತೆಗೆಯಲಿಲ್ಲ. ಸಿಕ್ಕಿದ್ದು ನನಗೆ, ಕೊಟ್ಟದ್ದು ಅವಳು. ಅದು ಬರೀ ಚಿತ್ರ ಮಾಂಯ್, ಬರೆದವನು ಗೋವೆ ನೋಡಿದ್ದನೋ ಇಲ್ಲವೋ ಯಾರಿಗೆ ಗೊತ್ತು ಎಂದೆ. ಅವಳಿಗೆ ಇದು ಹಿಡಿಸಲಿಲ್ಲ.

"ಅವನು ಸರಿಯಾಗಿಯೇ ನೋಡಿದ್ದಾನೆ" ಎಂದಳು. "ದೊಡ್ಡ ಮನೆಯ ಹಿಂದೆ, ತೆಂಗಿನ ಮರಕ್ಕೆ ತಾಗಿ ಒಂದು ಸಣ್ಣ ಮನೆ ಉಂಟು, ನೀನು ನೋಡಿದೆಯಾ?"

ನಾನು ನೋಡಿರಲಿಲ್ಲ.

"ಅಂಗಳದಲ್ಲಿ ಬಟ್ಟೆ ಒಣಗಲು ಹಾಕಿದ್ದರು. ಒಬ್ಬಳು ಮೀನು ಕೊಯ್ಯುತ್ತಿದ್ದಳು. ದೊಡ್ಡ ಮನೆಯ ಅಷ್ಟು ಕಿಟಕಿಯಲ್ಲಿ ಒಂದು ತಲೆ ಇಲ್ಲ." ಕಿಟಕಿಯ ಹೊರಗೆ ನೋಡಿಕೊಂಡು, "ಆ ಸಣ್ಣ ಮನೆಯಿಂದ ನದಿ ಕಾಣಲಿಕ್ಕಿಲ್ಲ. ಗಾಳಿ ಬಂದೀತು" ಎಂದಳು.

ಬೈಲೂರಿನಲ್ಲಿ ಬಸ್ಸು ನಿಂತಿತು. ನಾಲ್ಕು ಮಂದಿ ಹತ್ತಿದರು, ಅವರಲ್ಲಿ ಇಬ್ಬರು ನಮ್ಮ ಇಗರ್ಜಿಯವರೇ. ಅಜ್ಜಿ ಅವರಿಗೆ ತಲೆಯಾಡಿಸಿ, ನನ್ನ ಕಿವಿಯ ಹತ್ತಿರ ಬಾಗಿದಳು.

"ನಾವು ಮನೆ ಬದಲಾಯಿಸಿದ್ದನ್ನು ನಿನ್ನ ಅಮ್ಮನಿಗೂ ಉಳಿದವರಿಗೂ ನಾನೇ ಹೇಳುತ್ತೇನೆ. ನೀನು ಹೇಳಬೇಡ ಪುತಾ, ನೀನು ಹೇಳಿದರೆ ನಗುತ್ತಾರೆ."